ಸೋಮವಾರದ ಉಪ್ಪು

"ಮೂವತ್ತೆರಡು," ಅಂದಳು ಹುಡುಗಿ.

ಇನ್‌ಸ್ಪೆಕ್ಟರಮ್ಮ ಇನ್ನೊಂದು ಸಲ ಅಳೆಯಲು ಹೇಳಿದರು. ಹುಡುಗಿ ಮರುಮಾತಾಡದೆ ಗೋಡೆಯ ಹತ್ತಿರ ಮತ್ತೆ ಕುಕ್ಕರಗಾಲಲ್ಲಿ ಕುಳಿತಳು. ಗ್ರಾಫ್ ಹಾಳೆಯ ಮೇಲೆ ಬಿದ್ದಿದ್ದ ಕೆಂಪು ಬೆಳಕಿನ ಗೆರೆಗೆ ಕಣ್ಣು ಹತ್ತಿರ ಹಿಡಿದು, ಸ್ಕೇಲನ್ನು ಮೆಲ್ಲಗೆ ಸರಿಸಿದಳು. ಮೂರನೇ ಸಲವೂ ಅಷ್ಟೇ ಬಂತು. ಮೂವತ್ತೆರಡು ಮಿಲಿಮೀಟರ್.

ಈ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಅವಳಿಗೆ ಕೂದಲೆಳೆ ಅಂತ ಅಡ್ಡಹೆಸರು. ಬೇರೆಯವರು ಅಂದಾಜಿನಲ್ಲಿ ಬಿಟ್ಟುಬಿಡುವ ಕೂದಲೆಳೆಯಷ್ಟು ಅಂತರವನ್ನೂ ಅವಳು ಬಿಡುವವಳಲ್ಲ. ಇಂಥವಳು ಮೂರು ಸಲ ಅಳೆದು ಒಂದೇ ಲೆಕ್ಕ ಹೇಳಿದರೆ ಅದನ್ನು ನಂಬದೆ ಬೇರೆ ದಾರಿಯಿಲ್ಲ. ಆದರೆ ಇನ್‌ಸ್ಪೆಕ್ಟರಮ್ಮನಿಗೆ ನಂಬಲು ಸುತರಾಂ ಮನಸ್ಸಿರಲಿಲ್ಲ.

ಯಾಕೆಂದರೆ ಆ ಅಳತೆ ಐವತ್ತರ ಆಸುಪಾಸು ಬರಬೇಕಿತ್ತು.

ಹೋದ ವಾರ ಬುಧವಾರ ಬೆಳಿಗ್ಗೆ ಇದೇ ಕೋಣೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಮೇಷ್ಟ್ರು ತಲೆ ಒಡೆದು ಸತ್ತುಬಿದ್ದಿದ್ದರು. ಅವತ್ತೇ ಮಧ್ಯಾಹ್ನ, ಇಪ್ಪತ್ತೆರಡು ವರ್ಷದಿಂದ ಇಲ್ಲಿ ನೀರು ಬಟ್ಟಿ ಇಳಿಸುತ್ತಿದ್ದ ಅಟೆಂಡರ್ ನೀರಣ್ಣ ಲಾಕಪ್ ಸೇರಿದ. ಅವನ ಮಗಳೇ ಈ ಕೂದಲೆಳೆ. ಆದರೂ ಈ ಗೆರೆ ಓದಲು ಅವಳಷ್ಟು ಬಲ್ಲವರು ಇಲ್ಲಿ ಬೇರೆ ಇರಲಿಲ್ಲ.

ನೀರಣ್ಣನ ಮೇಲಿನ ಅನುಮಾನಕ್ಕೆ ಕಾರಣ ಇಲ್ಲದಿರಲಿಲ್ಲ. ಅವನು ಬಟ್ಟಿ ಇಳಿಸಿದ ನೀರಿನ ಗಾಜಿನ ಡಬ್ಬಿಯೊಂದರಲ್ಲಿ ಕಲ್ಮಷ ಸೇರಿ ಮೂರು ತಿಂಗಳ ಕೆಲಸ ಹಾಳಾಗಿತ್ತು. ಮಂಗಳವಾರ ಮಧ್ಯಾಹ್ನ ದೊಡ್ಡ ಮೇಷ್ಟ್ರು ಆ ಡಬ್ಬಿಯನ್ನು ನೆಲಕ್ಕೆ ಒಗೆದು, ಎಲ್ಲರೆದುರು ಅವನಿಗೆ ಮಂಗಳಾರತಿ ಮಾಡಿ, ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದಿದ್ದರು. ಅವತ್ತು ಸಂಜೆ ಏಳಕ್ಕೆ ಅವನು ಏದುಸಿರು ಬಿಡುತ್ತಾ ಓಡಿಹೋದದ್ದನ್ನು ಗೇಟಿನವನು ನೋಡಿದ್ದ. ತಲೆಗೆ ಬಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅವನ ಬೆರಳಚ್ಚಿತ್ತು. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಸುದ್ದಿ ಬಂತು, ಅದಕ್ಕೇ ಓಡಿದೆ ಅನ್ನುವುದು ಅವನ ಮಾತು. ಎಂಟು ಗಂಟೆಯಿಂದ ಬೆಳಗಾಗುವ ತನಕ ಅವನು ಆಸ್ಪತ್ರೆಯಲ್ಲಿದ್ದದ್ದನ್ನು ಇಡೀ ವಾರ್ಡು ನೋಡಿತ್ತು. ಹಾಗಾಗಿ ಕೊಲೆ ಏಳರೊಳಗೆ ಆಗಿದ್ದರೆ ಅವನು ಸಿಕ್ಕಿಬಿದ್ದ, ಏಳರ ಮೇಲೆ ಆಗಿದ್ದರೆ ಬಚಾವಾದ.

ಕೋಣೆಯಲ್ಲಿ ತಂಪು ಮಾಡುವ ಯಂತ್ರ ಸದಾ ಓಡುತ್ತಿದ್ದುದರಿಂದ ಡಾಕ್ಟರು ಗಂಟೆ ಹೇಳಲಾರೆ ಎಂದು ಕೈಚೆಲ್ಲಿದ್ದರು. ಸಂಜೆಯಿಂದ ನಸುಕಿನ ತನಕ ಯಾವಾಗ ಬೇಕಾದರೂ ಆಗಿರಬಹುದಂತೆ. ಪೊಲೀಸ್ ವಶದ ಗಡುವು ಮುಗಿದು ನಾಳೆ ಹತ್ತೂವರೆಗೆ ನೀರಣ್ಣನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಅವನು ಹೋಗುವುದು ದೊಡ್ಡ ಜೈಲಿಗೆ. ಗೂರಲು ರೋಗದ ಮನುಷ್ಯ, ಲಾಕಪ್ಪಿನಲ್ಲೇ ಮೂರು ಸಲ ಉಸಿರು ಕಟ್ಟಿತ್ತು. ಜೈಲಿನಲ್ಲಿ ಒಂದು ಚಳಿಗಾಲ ಕಳೆಯುವ ಆಸಾಮಿಯಲ್ಲ ಅಂತ ಡಾಕ್ಟರೇ ಹೇಳಿಬಿಟ್ಟಿದ್ದರು.

ಡಾಕ್ಟರಿಗೆ ಹೇಳಲಾಗದ್ದನ್ನು ಉಪ್ಪು ಹೇಳಬಹುದು ಅಂತ ಇನ್‌ಸ್ಪೆಕ್ಟರಮ್ಮನಿಗೆ ಹೊಳೆದದ್ದು ನಿನ್ನೆ, ದೊಡ್ಡ ಮೇಷ್ಟ್ರ ಹಳೇ ಟಿಪ್ಪಣಿ ಪುಸ್ತಕ ತಿರುವಿಹಾಕುವಾಗ.

ಕೋಣೆಯ ನಡುವೆ ಎದೆಯೆತ್ತರದ ಗಾಜಿನ ತೊಟ್ಟಿ ನಿಂತಿತ್ತು. ಇಲ್ಲಿಯವರು ಅದನ್ನು ಕಂಬ ಅನ್ನುತ್ತಿದ್ದರು. ತಳದಲ್ಲಿ ಉಪ್ಪುನೀರು, ಮೇಲೆ ಬರೀ ನೀರು. ಎರಡೂ ಅಲುಗಾಡದೆ ನಿಂತಿದ್ದರೂ ಉಪ್ಪು ಸುಮ್ಮನಿರುವುದಿಲ್ಲ, ತನ್ನ ಪಾಡಿಗೆ ತಾನು ಮೇಲಕ್ಕೆ ಹರಡುತ್ತಲೇ ಇರುತ್ತದೆ. ಓರೆಯಾದ ಕೆಂಪು ಬೆಳಕಿನ ಗೆರೆಯೊಂದನ್ನು ತೊಟ್ಟಿಯ ಮೂಲಕ ಗೋಡೆಗೆ ಹಾಯಿಸಿದರೆ, ಉಪ್ಪೂ ನೀರೂ ಬೆರೆಯುತ್ತಿರುವ ಕಡೆ ಮಾತ್ರ ಗೆರೆ ಬಾಗಿ, ಹೊಟ್ಟೆ ಬಂದವರ ಹಾಗೆ ಕೆಳಗೆ ಜೋತುಬೀಳುತ್ತದೆ. ಆ ಹೊಟ್ಟೆಯ ಅಗಲ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಅಗಲ ಅಳೆದರೆ ಕಂಬದ ವಯಸ್ಸು ಗೊತ್ತಾಗುತ್ತದೆ.

ಪುಸ್ತಕದ ತುಂಬ ಅದೇ ಲೆಕ್ಕ. ಒಂದು ದಿನದ ಕಂಬಕ್ಕೆ ಹದಿನಾರು ಮಿಲಿಮೀಟರ್. ನಾಲ್ಕು ದಿನದ್ದಕ್ಕೆ ಮೂವತ್ತೆರಡು. ಒಂಬತ್ತು ದಿನದ್ದಕ್ಕೆ ನಲವತ್ತೆಂಟು. ಇನ್‌ಸ್ಪೆಕ್ಟರಮ್ಮ ಅದನ್ನು ಮನೆಗೆ ಒಯ್ದು ಯಜಮಾನರ ಮುಂದೆ ಹಿಡಿದರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದವರು, ಅಗಲ ಎರಡರಷ್ಟಾಗಬೇಕಾದರೆ ದಿನ ನಾಲ್ಕರಷ್ಟಾಗಬೇಕು, ಮೂರರಷ್ಟಾಗಬೇಕಾದರೆ ಒಂಬತ್ತರಷ್ಟು, ವರ್ಗಮೂಲ ಕಣೇ ಇದು ಅಂದರು. ನಿನಗೆ ವರ್ಗಮೂಲ ಹೇಳಿಕೊಟ್ಟ ಮೇಷ್ಟ್ರು ಯಾರು, ಮೊದಲು ಅವರನ್ನು ಹಿಡಿದು ಒಳಗೆ ಹಾಕು ಅಂತ ಕಿಚಾಯಿಸಿದರು ಕೂಡ. ಇನ್‌ಸ್ಪೆಕ್ಟರಮ್ಮನಿಗೆ ನಗು ಬರಲಿಲ್ಲ. ಅವರ ತಲೆಯಲ್ಲಿ ಆಗಲೇ ಬೇರೊಂದು ಓಡುತ್ತಿತ್ತು.

ದೊಡ್ಡ ಮೇಷ್ಟ್ರು ಸಾಯುವ ಮುಂಚೆ ಮಾಡಿದ ಕೊನೆಯ ಕೆಲಸ ಹೊಸ ಕಂಬ ತುಂಬಿದ್ದು. ತುಂಬಿ ಮುಗಿಸಿ, ಕೊಳವೆ ತೊಳೆದಿಟ್ಟು, ಆಮೇಲೆ ಪುಸ್ತಕದಲ್ಲಿ ಗಂಟೆ ಬರೆಯುವುದು ಅವರ ಪದ್ಧತಿ. ಅವತ್ತು ಕೊಳವೆ ತೊಳೆದಿರಲಿಲ್ಲ, ಪುಸ್ತಕದ ಪುಟ ಖಾಲಿ. ಅಂದರೆ ಕಂಬ ಹುಟ್ಟಿದ್ದೂ ಅವರು ಸತ್ತದ್ದೂ ಹೆಚ್ಚುಕಡಿಮೆ ಒಂದೇ ಗಳಿಗೆ. ಇವತ್ತು ಶುಕ್ರವಾರ. ಅಳತೆ ಐವತ್ತರ ಹತ್ತಿರ ಬಂದರೆ ಮಂಗಳವಾರದ ಸಂಜೆ, ನಲವತ್ತೊಂಬತ್ತರ ಕೆಳಗಿದ್ದರೆ ಬುಧವಾರದ ನಸುಕು. ನೀರಣ್ಣನ ಪ್ರಾಣ ಆ ಒಂದು ಮಿಲಿಮೀಟರಿನಲ್ಲಿತ್ತು.

ಈಗ ಬಂದದ್ದು ಮೂವತ್ತೆರಡು. ನಾಲ್ಕೇ ದಿನ. ಕಂಬ ಹುಟ್ಟಿದ್ದು ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ.

ಸೋಮವಾರ ದೊಡ್ಡ ಮೇಷ್ಟ್ರು ಸತ್ತು ಐದು ದಿನವಾಗಿತ್ತು, ನೀರಣ್ಣ ಕಂಬಿಯ ಹಿಂದಿದ್ದ. ಈ ಕೋಣೆಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ, ಬೀಗಕ್ಕೆ ಸುತ್ತಿದ ಬಟ್ಟೆಯ ಮೇಲೆ ಸ್ವತಃ ಇನ್‌ಸ್ಪೆಕ್ಟರಮ್ಮನೇ ಸಹಿ ಹಾಕಿದ್ದರು. ಇವತ್ತು ಬೆಳಿಗ್ಗೆ ಆ ಮುದ್ರೆ ಒಡೆದದ್ದೂ ಅವರೇ. ಆಗ ಅದು ಸರಿಯಾಗಿಯೇ ಇತ್ತು.

ಬೀಗದ ಕೈಯೂ ಮುದ್ರೆಯೂ ಇದ್ದದ್ದು ಠಾಣೆಯಲ್ಲಿ, ದಫೇದಾರನ ಮೇಜಿನ ಖಾನೆಯಲ್ಲಿ. ದಫೇದಾರ ಈಗ ಹೊರಗೆ ವರಾಂಡದ ಸ್ಟೂಲಿನ ಮೇಲೆ ಕೂತಿದ್ದ. ನಿವೃತ್ತಿಗೆ ಇನ್ನೆರಡು ವರ್ಷ. ಹದಿನಾರು ವರ್ಷದ ಹಿಂದೆ, ಹೆಣ ನೋಡಿ ವಾಂತಿ ಮಾಡಿಕೊಂಡ, ಆಗಷ್ಟೇ ನೌಕರಿಗೆ ಸೇರಿದ ಇನ್‌ಸ್ಪೆಕ್ಟರಮ್ಮನಿಗೆ ನೀರು ಕೊಟ್ಟು, ಮಹಜರು ಬರೆಯುವುದನ್ನು ಕೈ ಹಿಡಿದು ಕಲಿಸಿದವನು. ಸೋಮವಾರ ಒಂಬತ್ತೂವರೆಯಿಂದ ಎರಡರ ತನಕ ಅವನು ಠಾಣೆಯಲ್ಲಿರಲಿಲ್ಲ. ಮನೆಯಲ್ಲಿ ಹುಷಾರಿಲ್ಲ ಎಂದು ಹೇಳಿ ಹೋಗಿದ್ದ. ಇನ್‌ಸ್ಪೆಕ್ಟರಮ್ಮನಿಗೆ ಅದು ಈಗ ನೆನಪಾಯಿತು.

ಆದರೂ ದಫೇದಾರನಿಗೆ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ರುಚಿ ನೋಡಿಯೇ ಗೊತ್ತಾಗಬೇಕು. ಇದು ಬಲ್ಲವರ ಕೆಲಸ. ಬಲ್ಲವರನ್ನು ಕರೆಸಲು ಅವರು ಆಗಲೇ ಹೇಳಿಕಳಿಸಿದ್ದರು.

ಚಿಕ್ಕ ಮೇಷ್ಟ್ರು ಕರವಸ್ತ್ರದಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಚಿಕ್ಕವರು ಅನ್ನುವುದು ಹುದ್ದೆಗೆ ಮಾತ್ರ, ವಯಸ್ಸು ಐವತ್ತು ದಾಟಿತ್ತು. ಹದಿನೆಂಟು ವರ್ಷ ದೊಡ್ಡ ಮೇಷ್ಟ್ರ ಎರಡನೆಯ ಕುರ್ಚಿಯಲ್ಲಿ ಕೂತು ಸವೆದವರು. ಮೊನ್ನೆ ಬುಧವಾರದಿಂದ ಮೊದಲನೆಯ ಕುರ್ಚಿಯಲ್ಲಿ ಕೂರುತ್ತಿದ್ದರು.

ಅವರು ಮೊದಲು ನೋಡಿದ್ದು ಇನ್‌ಸ್ಪೆಕ್ಟರಮ್ಮನನ್ನಲ್ಲ, ಗೋಡೆಯ ಮೇಲಿನ ಗೆರೆಯನ್ನು.

ಇನ್‌ಸ್ಪೆಕ್ಟರಮ್ಮ ಸುತ್ತಿಬಳಸಲಿಲ್ಲ. ಅಳತೆ ಹೇಳಿದರು, ದಿನದ ಲೆಕ್ಕ ಹೇಳಿದರು. ಚಿಕ್ಕ ಮೇಷ್ಟ್ರು ಹುಬ್ಬೇರಿಸಿ, ಪೊಲೀಸರು ಇಷ್ಟೆಲ್ಲ ಓದಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲ ಅಂದರು. ಕೋಣೆ ಹೆಚ್ಚು ತಂಪಾದರೆ ಉಪ್ಪು ನಿಧಾನಿಸುತ್ತದೆ ಅಂತಲೂ ಸೇರಿಸಿದರು. ಇನ್‌ಸ್ಪೆಕ್ಟರಮ್ಮ ಗೋಡೆಯ ಮೇಲೆ ತಾಪ ದಾಖಲಿಸುವ ಯಂತ್ರದ ಕಡೆ ಬೆರಳು ತೋರಿಸಿದರು. ಅದರ ಕಾಗದದ ಮೇಲೆ ಒಂಬತ್ತು ದಿನದ ಗೆರೆ ಒಂದೇ ಮಟ್ಟದಲ್ಲಿ ಓಡಿತ್ತು. ಚಿಕ್ಕ ಮೇಷ್ಟ್ರು ಆ ಮಾತನ್ನು ಅಲ್ಲಿಗೇ ಕೈಬಿಟ್ಟರು.

"ಕಂಬ ಓದಿದ್ರೆ ಗಂಟೆ ಗೊತ್ತಾಗತ್ತೆ ಅಂತ ಒಂಬತ್ತು ದಿನ ನೀವ್ಯಾಕೆ ಬಾಯಿ ಬಿಡಲಿಲ್ಲ, ಮೇಷ್ಟ್ರೇ?"

"ನೀವು ಕೇಳಲಿಲ್ಲ."

"ಒಬ್ಬ ಮನುಷ್ಯನ ಪ್ರಾಣದ ಪ್ರಶ್ನೆ ಇದು."

"ಅದಕ್ಕೇ ಸುಮ್ಮನಿದ್ದೆ, ಮೇಡಂ. ಕಂಬ ಏಳು ಗಂಟೆ ಅಂತ ಹೇಳಿಬಿಟ್ರೆ? ಹದಿನೆಂಟು ವರ್ಷ ನನಗೆ ನೀರು ಕೊಟ್ಟವನು. ಅವನ ಕುತ್ತಿಗೆಗೆ ನಾನೇ ಹಗ್ಗ ಹಾಕಲಾ?"

ಮಾತು ಕೇಳಲು ಚೆನ್ನಾಗಿತ್ತು. ಸ್ವಲ್ಪ ಹೆಚ್ಚೇ ಚೆನ್ನಾಗಿತ್ತು ಅಂತ ಇನ್‌ಸ್ಪೆಕ್ಟರಮ್ಮನಿಗೆ ಅನ್ನಿಸಿತು. ಹಳೇ ಕಂಬವನ್ನು ಖಾಲಿ ಮಾಡಿ ಹೊಸದು ತುಂಬಿದ್ದು ಯಾರು ಅಂತ ಅವರು ನೇರವಾಗಿ ಕೇಳಿದರು. ಸೋಮವಾರ ಹತ್ತು ಹನ್ನೊಂದರ ಹೊತ್ತಿಗೆ ಚಿಕ್ಕ ಮೇಷ್ಟ್ರು ಎಲ್ಲಿದ್ದರು ಅಂತಲೂ ಕೇಳಬೇಕೆಂದಿದ್ದರು. ಅಷ್ಟರಲ್ಲಿ ಉತ್ತರ ತಾನಾಗಿಯೇ ನೆನಪಿಗೆ ಬಂದು ಬಾಯಿ ಕಟ್ಟಿತು.

ಚಿಕ್ಕ ಮೇಷ್ಟ್ರು ಅದನ್ನು ಗಮನಿಸಿದರು.

"ನಿಮ್ಮ ಎದುರಿಗೇ ಕೂತಿದ್ದೆ," ಅಂದರು. "ಒಂಬತ್ತರಿಂದ ನಾಲ್ಕರ ತನಕ ನನ್ನ ಹೇಳಿಕೆ ಬರ್ಕೊಂಡಿದ್ದು ನೀವೇ. ಎರಡು ಸಲ ಕಾಫಿ ಕೂಡ ಕೊಡಿಸಿದ್ರಿ."

ಇನ್‌ಸ್ಪೆಕ್ಟರಮ್ಮನಿಗೆ ಕಿವಿ ಬಿಸಿಯಾಯಿತು. ಇವರ ಮೇಲಿನ ಅನುಮಾನ ನಿನ್ನೆ ಮೊನ್ನೆಯದಲ್ಲ, ಆದರೆ ಇವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಈ ಊರಿನಲ್ಲಿ ಯಾರೂ ಹೇಳಲಾರರು.

ಚಿಕ್ಕ ಮೇಷ್ಟ್ರು ಗೋಡೆಯ ಹತ್ತಿರ ಹೋಗಿ ಗೆರೆಯ ಹೊಟ್ಟೆಯನ್ನು ಬೆರಳ ತುದಿಯಲ್ಲಿ ತೋರಿಸಿದರು. ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು. ಕಂಬ ತುಂಬುವುದು ಅಂದರೆ ಬಕೆಟ್ಟಿಗೆ ನೀರು ಬಿಟ್ಟ ಹಾಗಲ್ಲ. ಬರೀ ನೀರಿನ ಅಡಿಗೆ ಸಣ್ಣ ಕೊಳವೆಯಿಂದ ಉಪ್ಪುನೀರನ್ನು ಎಳೆಯೆಳೆಯಾಗಿ ಬಿಡುತ್ತಾ ಮೇಲಿನದನ್ನು ಒಂದಿಷ್ಟೂ ಕದಡದೆ ಎತ್ತಬೇಕು. ಕೈ ಒಂಚೂರು ಅಲುಗಿದರೂ ಎರಡೂ ಕಲಸಿಹೋಗುತ್ತವೆ. ಬೀದಿಯಲ್ಲಿ ಲಾರಿ ಹೋದರೂ ನಡುಕ ತಟ್ಟುತ್ತದೆ ಅಂತ ದೊಡ್ಡ ಮೇಷ್ಟ್ರು ಕಂಬ ತುಂಬಬೇಕಾದ ದಿನ ಪಕ್ಕದ ಕೋಣೆಯಲ್ಲೇ ಮಲಗಿ ನಸುಕಿನಲ್ಲಿ ಏಳುತ್ತಿದ್ದದ್ದೂ ಉಂಟಂತೆ.

"ಕೈ ಕೆಟ್ಟರೆ ಕಂಬ ಹುಟ್ಟುವಾಗಲೇ ಮುದುಕ," ಅಂದರು. "ಹೊಟ್ಟೆ ಮೊದಲೇ ಅಗಲ, ಗೆರೆಯಲ್ಲಿ ಸುಕ್ಕು. ನಾನು ತುಂಬಿದ ಕಂಬ ನೋಡಿ ಇಲ್ಲಿ ಎಲ್ಲರೂ ನಗ್ತಾರೆ, ಕೇಳಿ ಬೇಕಾದ್ರೆ. ಈಗ ಇದನ್ನ ನೋಡಿ. ಎರಡೂ ಕಡೆ ಒಂದೇ ಇಳಿಜಾರು. ಒಂದೇ ಒಂದು ಸುಕ್ಕಿಲ್ಲ. ಇಷ್ಟು ಶುದ್ಧವಾಗಿ ತುಂಬೋ ಕೈ ಇಲ್ಲಿ ಇದ್ದದ್ದು ಎರಡೇ. ಒಂದು ಮಣ್ಣಾಯ್ತು."

ಇನ್ನೊಂದು ಯಾರದು ಅಂತ ಅವರು ಹೇಳಲಿಲ್ಲ. ಹುಡುಗಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ಕನ್ನಡಕ ಮೂಗಿಗೇರಿಸಿ, ಇನ್ನು ಕೆಲಸವಿದೆ, ಬೇಕಾದರೆ ಕೋಣೆಯಲ್ಲಿರುತ್ತೇನೆ ಎಂದು ಹೇಳಿ ಹೊರಟರು. ಬಾಗಿಲು ಮುಚ್ಚಿಕೊಂಡಿತು.

ಹುಡುಗಿ ಕುಕ್ಕರಗಾಲಲ್ಲಿ ಕೂತವಳು ಹಾಗೇ ಇದ್ದಳು.

ಇನ್‌ಸ್ಪೆಕ್ಟರಮ್ಮನಿಗೆ ಈಗ ಸಿಟ್ಟು ಬರಬೇಕಿತ್ತು. ಬಂದದ್ದು ದುಃಖ. ಒಂದು ಸ್ಟೂಲು ಎಳೆದುಕೊಂಡು ಅವಳ ಎದುರು ಕೂತರು.

"ನನಗೆ ಆ ಗೆರೆ ಓದೋಕೆ ಬರಲ್ಲ ಅಂತ ನಿನಗೆ ಗೊತ್ತಿತ್ತು. ನಲವತ್ತೆಂಟು ಅಂತ ಒಂದು ಮಾತು ಅಂದಿದ್ರೆ ನಿಮ್ಮಪ್ಪ ಇವತ್ತೇ ಮನೆಗೆ ಬರ್ತಿದ್ರು. ಯಾಕೆ ಹೇಳಲಿಲ್ಲ?"

ಹುಡುಗಿ ಸ್ಕೇಲನ್ನು ನೆಲದ ಮೇಲಿಟ್ಟಳು. ಆಮೇಲೆ, "ಸುಳ್ಳು ಅಳತೆ ಬಾಯಿಗೆ ಬರಲ್ಲ ಮೇಡಂ," ಅಂದಳು. "ಬೇರೆ ಏನು ಬೇಕಾದರೂ ಸುಳ್ಳು ಹೇಳ್ತೀನಿ."

"ಕೆಟ್ಟ ಕೈಲಿ ತುಂಬಿದ್ರೂ ಸಾಕಿತ್ತಲ್ಲ. ಹೊಟ್ಟೆ ಅಗಲ ಆಗಿ ಯಾರಿಗೂ ಅನುಮಾನ ಬರ್ತಿರಲಿಲ್ಲ."

"ಹಾಗೇ ಮಾಡಬೇಕು ಅಂದ್ಕೊಂಡೇ ಬಂದೆ. ಕೈ ಕೇಳಲಿಲ್ಲ."

ಆಮೇಲೆ ಕಟ್ಟೆ ಒಡೆಯಿತು. ಅವಳು ಅಳುತ್ತಾ ಹೇಳಿದ್ದನ್ನು ಇನ್‌ಸ್ಪೆಕ್ಟರಮ್ಮ ಜೋಡಿಸಿಕೊಳ್ಳಬೇಕಾಯಿತು. ಮಂಗಳವಾರ ಆಸ್ಪತ್ರೆಗೆ ಬಂದಾಗ ಅಪ್ಪನ ಅಂಗೈಯಲ್ಲಿ ಗಾಜು ಚುಚ್ಚಿದ ಗಾಯವಿತ್ತಂತೆ. ಕೇಳಿದರೆ ಎಲ್ಲಾ ಮುಗೀತು ಮಗಳೇ ಅಂದನಂತೆ, ಅಷ್ಟೇ. ಬೆಳಗಾದರೆ ದೊಡ್ಡ ಮೇಷ್ಟ್ರು ಸತ್ತ ಸುದ್ದಿ. ಅವತ್ತಿನಿಂದ ಅವಳು ಅಪ್ಪನೇ ಮಾಡಿದ್ದು ಅಂತ ಒಳಗೊಳಗೇ ನಂಬಿಬಿಟ್ಟಿದ್ದಳು. ನಂಬಿದ್ದಕ್ಕೆ ತನ್ನನ್ನೇ ಹಳಿದುಕೊಂಡು ಒಂಬತ್ತು ದಿನದಿಂದ ಊಟ ಸೇರಿರಲಿಲ್ಲ. ತಾಯಿ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿ, ಗಂಡ ಎಲ್ಲಿ ಅಂತ ದಿನಾ ಕೇಳುತ್ತಾಳೆ.

ಸೋಮವಾರ ಬೆಳಿಗ್ಗೆ ಅವಳು ಅಪ್ಪನಿಗೆ ಬಟ್ಟೆ ಕೊಡಲು ಠಾಣೆಗೆ ಬಂದಿದ್ದಳು. ಕೊಟ್ಟಾದ ಮೇಲೆ, ಅಪ್ಪನ ಗೂರಲಿನ ಔಷಧಿ ಆ ಕೋಣೆಯಲ್ಲೇ ಉಳಿದಿದೆ ಅಂತ ದಫೇದಾರನ ಹತ್ತಿರ ಗೋಗರೆದಳು. ಲಾಕಪ್ಪಿನಲ್ಲಿ ನೀರಣ್ಣ ಉಸಿರಿಗೆ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದ ದಫೇದಾರ ಕರಗಿಹೋದ. ಅವನಿಗೂ ಇದೇ ವಯಸ್ಸಿನ ಮಗಳಿದ್ದಳು. ಬಾಗಿಲು ತೆಗೆದುಕೊಟ್ಟ. ಔಷಧಿ ಹುಡುಕಲು ಮೂರು ಗಂಟೆ ಯಾಕೆ ಅಂತ ಕೇಳದೆ ಹೊರಗೆ ಕಾದ. ಆಮೇಲೆ ಅದೇ ಸಹಿಯ ಬಟ್ಟೆಗೆ ಹೊಸದಾಗಿ ಅರಗು ಹಾಕಿ ಮುದ್ರೆ ಒತ್ತಿದ.

ಹದಿನಾರು ವರ್ಷ ಅಣ್ಣನ ಹಾಗೆ ನಂಬಿದ ಮನುಷ್ಯ. ಇನ್‌ಸ್ಪೆಕ್ಟರಮ್ಮ ಬಾಗಿಲ ಕಡೆ ನೋಡಿ, ಅವನ ವಿಷಯ ಆಮೇಲೆ ಅಂದುಕೊಂಡರು.

"ಹಳೇ ಕಂಬ ಚೆಲ್ಲೋಕೆ ಮುಂಚೆ ಅದನ್ನ ಓದಿದ್ಯಾ?"

ಹುಡುಗಿ ತಲೆ ತಗ್ಗಿಸಿದಳು. ಓದದೆ ಒಂದು ಕಂಬವನ್ನು ಚೆಲ್ಲುವುದು ಈ ಕೋಣೆಯಲ್ಲಿ ಯಾವತ್ತೂ ನಡೆದಿರಲಿಲ್ಲವಂತೆ. ಅವಳೂ ಅಳೆದಿದ್ದಳು. ಚೀಟಿಯಲ್ಲಿ ಬರೆದುಕೊಂಡಿದ್ದಳು. ಆದರೆ ಲೆಕ್ಕ ಮಾಡಿ ಗಂಟೆ ನೋಡಿರಲಿಲ್ಲ. ನೋಡುವ ಧೈರ್ಯ ಬಂದಿರಲಿಲ್ಲ. ಏಳು ಗಂಟೆ ಅಂತ ಬಂದರೆ ಆಮೇಲೆ ಅಪ್ಪನ ಮುಖ ನೋಡುವುದು ಹೇಗೆ ಅಂತ ನಾಲ್ಕು ದಿನದಿಂದ ಅದನ್ನು ಚೀಲದ ಒಳಜೇಬಿನಲ್ಲಿ ಮಡಿಸಿಟ್ಟುಕೊಂಡು ತಿರುಗುತ್ತಿದ್ದಳು.

ಇನ್‌ಸ್ಪೆಕ್ಟರಮ್ಮ ಕೈ ಚಾಚಿದರು. ಹುಡುಗಿ ಕೊಡಲಿಲ್ಲ. ಅವರು ಕೈ ಹಿಂದೆಗೆಯದೆ ಕಾದರು. ಕೊನೆಗೆ ಅವಳು ಚೀಟಿ ತೆಗೆದು ಅಂಗೈಯಲ್ಲಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಸೋಮವಾರ, ಬೆಳಿಗ್ಗೆ ಹತ್ತು. ಮೂವತ್ತಾರು ಪಾಯಿಂಟ್ ಆರು.

ಇನ್‌ಸ್ಪೆಕ್ಟರಮ್ಮ ಫೈಲಿನ ಹಿಂಬದಿಯಲ್ಲಿ ಲೆಕ್ಕ ಶುರುಮಾಡಿದರು. ಹದಿನಾರರಿಂದ ಭಾಗಿಸಬೇಕು, ಬಂದದ್ದನ್ನು ಅದರಿಂದಲೇ ಗುಣಿಸಬೇಕು, ಅಷ್ಟು ದಿನ. ಮೊದಲ ಸಲ ದಶಾಂಶ ತಪ್ಪಿ ಐವತ್ತೆರಡು ದಿನ ಬಂತು. ಯಜಮಾನರು ನೋಡಿದ್ದರೆ ಒಂದು ವಾರ ಆಡಿಕೊಳ್ಳುತ್ತಿದ್ದರು. ಹೊಡೆದುಹಾಕಿ ಮತ್ತೆ ಮಾಡಿದರು. ಐದು ದಿನ, ಮೇಲೆ ಐದೂವರೆ ಗಂಟೆ.

ಸೋಮವಾರ ಹತ್ತರಿಂದ ಐದು ದಿನ ಹಿಂದೆ ಹೋದರೆ ಬುಧವಾರ ಹತ್ತು. ಅಲ್ಲಿಂದ ಐದೂವರೆ ಗಂಟೆ ಹಿಂದೆ.

ಇನ್‌ಸ್ಪೆಕ್ಟರಮ್ಮ ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. ಸಂಜೆ ಏಳು ಆಗಬೇಕಾದರೆ ಅಳತೆ ಎಷ್ಟಿರಬೇಕಿತ್ತು ಅಂತ ತಿರುಗಿಸಿ ನೋಡಿದರು, ಮೂವತ್ತೆಂಟು ಬಂತು. ಒಂದೂಕಾಲು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ಕೂದಲೆಳೆ ಲೆಕ್ಕದವಳು ಅಷ್ಟು ತಪ್ಪುವವಳಲ್ಲ.

"ನಾಲ್ಕೂವರೆ," ಅಂದರು. "ಬುಧವಾರ ನಸುಕು. ಆಗ ನಿಮ್ಮಪ್ಪ ಎಲ್ಲಿದ್ರು?"

ಹುಡುಗಿ ನಿಧಾನಕ್ಕೆ ತಿರುಗಿದಳು.

"ಅಮ್ಮನ ಮಂಚದ ಹತ್ರ," ಅಂದಳು. "ನನ್ನ ಪಕ್ಕದಲ್ಲೇ. ನರ್ಸು ಬಂದು ಬಾಟ್ಲಿ ಬದಲಾಯಿಸೋವಾಗ ಅಪ್ಪ ದೀಪ ಹಿಡ್ಕೊಂಡಿದ್ರು."

ಅವಳ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು. ಅಪ್ಪ ಮಾಡಿಲ್ಲ. ಅಂಗೈಯ ಗಾಯ ಒಡೆದ ಡಬ್ಬಿಯದು, ಮುಗಿದುಹೋದದ್ದು ಅವನ ಕೆಲಸ, ಅಷ್ಟೇ. ಆಮೇಲೆ ಅವಳ ಕಣ್ಣು ಗಾಜಿನ ತೊಟ್ಟಿಯ ಮೇಲೆ ಹೋಯಿತು. ಅದರೊಳಗಿನ ಸೋಮವಾರದ ಉಪ್ಪಿನ ಮೇಲೆ ಹೋಯಿತು. ಇನ್‌ಸ್ಪೆಕ್ಟರಮ್ಮ ನೋಡುತ್ತಿದ್ದ ಹಾಗೇ ಆ ಮುಖ ಬಿಳಿಚಿಕೊಂಡಿತು.

ಅಪ್ಪನನ್ನು ಬಿಡಿಸಬಲ್ಲ ಸಾಕ್ಷಿ ಲೋಕದಲ್ಲಿ ಒಂದೇ ಇತ್ತು. ಅದನ್ನು ಅವಳೇ ಮೋರಿಗೆ ಚೆಲ್ಲಿದ್ದಳು.

ಅವಳು ಅಳಲಿಲ್ಲ. ಅತ್ತಿದ್ದರೆ ಇನ್‌ಸ್ಪೆಕ್ಟರಮ್ಮನಿಗೆ ಸುಲಭವಾಗುತ್ತಿತ್ತು. ಅವಳು ತನ್ನೆರಡು ಕೈಗಳನ್ನೂ ಮುಂದೆ ಹಿಡಿದು, ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

ಉಳಿದಿದ್ದು ಈ ಚೀಟಿ. ಆರೋಪಿಯ ಮಗಳ ಕೈಬರಹ, ಕಳ್ಳತನದಲ್ಲಿ ತೆಗೆದ ಅಳತೆ. ಇದನ್ನು ನ್ಯಾಯಾಧೀಶರ ಮುಂದಿಟ್ಟರೆ ಮೊದಲು ಜೈಲಿಗೆ ಹೋಗುವವಳು ಅವಳು, ಕೆಲಸ ಕಳೆದುಕೊಳ್ಳುವವನು ದಫೇದಾರ. ಅಷ್ಟಾಗಿಯೂ ಯಾರೂ ನಂಬಬೇಕಾಗಿಲ್ಲ. ಇಡದಿದ್ದರೆ ನಾಳೆ ನೀರಣ್ಣ ಹೋಗುತ್ತಾನೆ. ಇನ್‌ಸ್ಪೆಕ್ಟರಮ್ಮ ಎರಡನ್ನೂ ಮನಸ್ಸಿನಲ್ಲಿ ತೂಗಿದರು. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

"ಬರ್ಕೊಳ್ಳಿ ಮೇಡಂ," ಅಂದಳು ಹುಡುಗಿ. "ಬೀಗ ತೆಗೆಸಿದ್ದು, ಚೆಲ್ಲಿದ್ದು, ಎಲ್ಲಾ ಬರ್ಕೊಳ್ಳಿ. ನಾನು ಒಳಗೆ ಬಂದಿದ್ದು ನಿಜ ಅಂತಾದರೆ ತಾನೇ ಅಳೆದಿದ್ದೂ ನಿಜ ಅನ್ನೋದು. ಸಹಿ ಹಾಕ್ತೀನಿ."

ಇನ್‌ಸ್ಪೆಕ್ಟರಮ್ಮ ಪೆನ್ನು ತೆಗೆದರು. ಬರೆಯುವ ಮುಂಚೆ ಒಂದು ವಿಷಯ ಅವರಿಗೆ ಬಗೆಹರಿಯಬೇಕಿತ್ತು.

"ಐದು ದಿನ ಸುಮ್ಮನಿದ್ದವಳು. ಸೋಮವಾರವೇ ಯಾಕೆ ಹೊರಟೆ? ಚೆಲ್ಲು ಅಂತ ಯಾರು ಹೇಳಿದರು?"

"ಚೆಲ್ಲು ಅಂತ ಯಾರೂ ಹೇಳಲಿಲ್ಲ. ಠಾಣೆ ಬೆಂಚಿನ ಮೇಲೆ ಚಿಕ್ಕ ಮೇಷ್ಟ್ರು ಕೂತಿದ್ರು, ನೀವು ಒಳಗೆ ಕರೆಯೋಕೆ ಮುಂಚೆ. ನನ್ನ ತಲೆ ಸವರಿದ್ರು. ಪೊಲೀಸಿನವರಿಗೆ ಇವತ್ತಲ್ಲ ನಾಳೆ ಕಂಬ ಓದೋಕೆ ಹೊಳೆಯತ್ತೆ ಮಗಳೇ, ಅದು ಏಳು ಗಂಟೆ ಅಂತಲೇ ಹೇಳತ್ತೆ, ನಿಮ್ಮಪ್ಪನ ಪ್ರಾಣ ಅದರಲ್ಲೇ ಇದೆ ಅಂದ್ರು. ಪಾಪ, ಅವರ ಕಣ್ಣಲ್ಲಿ ನೀರಿತ್ತು."

ಇನ್‌ಸ್ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಂಬ ಏಳು ಗಂಟೆ ಹೇಳುತ್ತದೆ ಅಂತ ನಿಜವಾಗಿ ನಂಬಿದವನು ಅದರ ತಂಟೆಗೇ ಹೋಗುವುದಿಲ್ಲ. ಏಳು ಗಂಟೆ ಹೇಳುವುದಿಲ್ಲ ಅಂತ ಗೊತ್ತಿದ್ದವನಿಗೆ ಮಾತ್ರ ಅದನ್ನು ಚೆಲ್ಲಿಸುವ ದರ್ದು. ತನ್ನ ಕೈ ಸುಕ್ಕಿನ ಕೈ. ತುಂಬಿದರೆ ಸಿಕ್ಕಿಬೀಳುತ್ತಾನೆ. ಅದಕ್ಕೆ ಶುದ್ಧವಾದ ಕೈಯೊಂದನ್ನು ಹುಡುಕಿ, ಅಪ್ಪನ ಪ್ರಾಣದ ಮಾತು ಅದರ ಕಿವಿಗೆ ಹಾಕಿ, ತಾನು ಬಂದು ಪೊಲೀಸರ ಕುರ್ಚಿಯಲ್ಲಿ ಏಳು ಗಂಟೆ ಹೊತ್ತು ಕಾಫಿ ಕುಡಿಯುತ್ತಾ ಕೂತ. ಈಗ ಅದೇ ಕೈಯನ್ನು ಬೊಟ್ಟು ಮಾಡಿ ತೋರಿಸಿ ಹೋದ.

ಅವನ ಮೇಲೆ ಸಾಕ್ಷಿ ಏನಿದೆ? ಬೆಂಚಿನ ಮೇಲೆ ಆಡಿದ ನಾಲ್ಕು ಕನಿಕರದ ಮಾತು. ಇನ್‌ಸ್ಪೆಕ್ಟರಮ್ಮನಿಗೆ ಅವನ ಮೇಲಿನ ಸಿಟ್ಟಿಗಿಂತ ಎರಡು ಸಲ ಕಾಫಿ ತರಿಸಿದ ತನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು.

ಬಾಗಿಲು ತಟ್ಟಿದ ಸದ್ದಾಯಿತು. ದಫೇದಾರ ಅರ್ಧ ಒಳಗೆ ಬಂದು ನಿಂತ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ದೊಡ್ಡ ಸಾಹೇಬರ ಫೋನು ಬಂದಿತ್ತು, ಮೇಡಂ. ಚಿಕ್ಕ ಮೇಷ್ಟ್ರು ಅವರ ಹತ್ರ ದೂರು ಹೇಳಿದಾರಂತೆ. ಸಾಕ್ಷಿ ನಾಶ ಮಾಡಿದ್ದಕ್ಕೆ ಹುಡುಗೀನ ಈಗಲೇ ವಶಕ್ಕೆ ತಗೋಬೇಕಂತೆ." ಅವನು ಹುಡುಗಿಯ ಕಡೆ ನೋಡಲಾರದೆ ನೆಲ ನೋಡಿದ. "ಇನ್ನೊಂದು. ಅವಳ ಹತ್ರ ಒಂದು ಅಳತೆ ಚೀಟಿ ಇದ್ದೇ ಇರತ್ತಂತೆ. ಅದನ್ನ ಫೈಲಿಗೆ ಹಾಕದೆ ಮೊದಲು ಚಿಕ್ಕ ಮೇಷ್ಟ್ರ ಕೈಗೆ ಕೊಡಬೇಕು ಅಂದ್ರು."

ಹುಡುಗಿ ಎದ್ದು ಹತ್ತಿರ ಬಂದಳು. "ಚೀಟಿ ವಿಷಯ ನಾನು ಯಾರಿಗೂ ಹೇಳಿಲ್ಲ ಮೇಡಂ," ಅಂತ ಪಿಸುಗುಟ್ಟಿದಳು. "ಅಪ್ಪನಿಗೂ ಹೇಳಿಲ್ಲ."

ಹೇಳಬೇಕಾಗಿಯೇ ಇರಲಿಲ್ಲ. ಓದದೆ ಅವಳು ಕಂಬ ಚೆಲ್ಲುವವಳಲ್ಲ ಅಂತ ಈ ಕೋಣೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು.

ಇನ್‌ಸ್ಪೆಕ್ಟರಮ್ಮ ಹದಿನಾರು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ಒಂದು ಸುಳ್ಳೂ ಹೇಳಿದವರಲ್ಲ. ಅವರು ಚೀಟಿಯ ಮೇಲೆ ಬೆರಳು ಮಡಿಸಿ ಮುಷ್ಟಿ ಬಿಗಿಮಾಡಿದರು.

"ಯಾವ ಚೀಟಿ, ದಫೇದಾರ್ರೇ?"

ದಫೇದಾರ ಅವರ ಮುಷ್ಟಿಯನ್ನು ನೋಡಿದ. ಅವನ ಕಣ್ಣು ತುಂಬಿಬಂತು. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಚಿಕ್ಕ ಮೇಷ್ಟ್ರು ತಮ್ಮ ಕೋಣೆಗೆ ಹೋಗಿಯೇ ಇರಲಿಲ್ಲ. ಒಳಗೆ ಬಂದು ಬಾಗಿಲು ಮುಚ್ಚಿ, ಇನ್‌ಸ್ಪೆಕ್ಟರಮ್ಮನ ಮುಂದೆ ಅಂಗೈ ಚಾಚಿದರು.